ಪಾದ್ರಿಯಿಲ್ಲದ ಊರಿನ ದೇವಾಲಯ

ದೇವಾಲಯಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದನ್ನು ಕಟ್ಟಿಸಿದ ಅರಸನ ಹೆಸರಿನಿಂದಲೋ ಪ್ರತಿಷ್ಠಾಪನೆ ಮಾಡಿದ ಗುರುವಿನ ಹೆಸರಿನಿಂದಲೋ ಆರಂಭಿಸುವುದು ರೂಢಿ. ಕೆನಡಾ ದೇಶದ ಮ್ಯಾನಿಟೋಬ ಪ್ರಾಂತದಲ್ಲಿ, ಗಾರ್ಡನ್‌ಟನ್ ಎಂಬ ಹಳ್ಳಿಯ ಬಳಿ ನಿಂತಿರುವ ಸಂತ ಮೈಕೇಲನ ಚರ್ಚಿನ ವಿಷಯದಲ್ಲಿ ಈ ಕ್ರಮ ನಡೆಯುವಂತಿಲ್ಲ. ಅದನ್ನು ಕಟ್ಟಿಸಿದ ದೊರೆಯಿಲ್ಲ. ಕಟ್ಟಿರೆಂದು ಆಜ್ಞಾಪಿಸಿದ ಧರ್ಮಾಧ್ಯಕ್ಷನಿಲ್ಲ. ಕಟ್ಟುವ ಕಾಲಕ್ಕೆ ಅಲ್ಲಿ ನೆಲೆನಿಂತ ಒಬ್ಬ ಪಾದ್ರಿಯೂ ಇರಲಿಲ್ಲ. ಯೂರೋಪಿನ ಬುಕೊವಿನ ಪ್ರದೇಶದಿಂದ ವಲಸೆ ಹೋದ ರೈತರು, ತಮ್ಮ ಮನೆಗಳೇ ಇನ್ನೂ ಪೂರ್ತಿಯಾಗಿ ನಿಲ್ಲದಿದ್ದ ದಿನಗಳಲ್ಲಿ, ತಾವೇ ಮರ ಕಡಿದು, ತಾವೇ ತೊಲೆ ಜೋಡಿಸಿ, 1899ರ ಹೊತ್ತಿಗೆ ಈ ಕಟ್ಟಡವನ್ನು ಎಬ್ಬಿಸಿದರು. ಯುಕ್ರೇನಿನ ವಲಸೆಗಾರರು ಕೆನಡಾದಲ್ಲಿ ಕಟ್ಟಿಕೊಂಡ ಮೊದಲ ಆರ್ಥೊಡಾಕ್ಸ್ ಚರ್ಚು ಇದೇ ಎಂದು ಪರಿಗಣಿಸಲಾಗಿದೆ. ಕೆನಡಾ ಸರಕಾರವು ಇದನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಮಾನ್ಯಮಾಡಿದೆ.

ಕಟ್ಟಡ ಚಿಕ್ಕದು. ಆದರೆ ಅದು ಎದ್ದು ನಿಂತ ಮೇಲೆ ಹುಟ್ಟಿದ ಪ್ರಶ್ನೆ ಚಿಕ್ಕದಲ್ಲ. ಗುರುವಿಲ್ಲದೆ ಭಕ್ತರೇ ಕಟ್ಟಿದ ಆಲಯವು ಯಾರಿಗೆ ಸೇರಿದ್ದು? ಮರ ಕಡಿದವರಿಗೆ ಸೇರಿತೆ, ಅಥವಾ ಅನಂತರ ಬಂದು ಅದನ್ನು ಪವಿತ್ರಗೊಳಿಸಿದ ಅಧಿಕಾರಕ್ಕೆ ಸೇರಿತೆ? ಆ ನಾಡಿನ ಯುಕ್ರೇನಿಯನ್ ಸಮುದಾಯವು ಈ ಪ್ರಶ್ನೆಯನ್ನು ಸುಮಾರು ಇಪ್ಪತ್ತು ವರ್ಷಗಳ ಕಾಲ ಊರೂರುಗಳಲ್ಲಿ ಕಾದಾಡಿತು. ಒಂದು ಸಂದರ್ಭದಲ್ಲಿ ಲಂಡನ್ನಿನವರೆಗೂ ಒಯ್ದಿತು. ಗಾರ್ಡನ್‌ಟನ್ನಿನ ಚರ್ಚನ್ನು ಮುಂದಿಟ್ಟುಕೊಂಡು ಆ ಚರಿತ್ರೆಯನ್ನು ಅವಲೋಕಿಸುವುದು ಈ ಲೇಖನದ ಉದ್ದೇಶ.

ಮೊದಲು ಈ ಜನರ ಹಿನ್ನೆಲೆಯನ್ನು ತಿಳಿಯಬೇಕು. ಕ್ರೈಸ್ತ ಧರ್ಮವು ಕ್ರಿ.ಶ. 1054ರ ಸುಮಾರಿಗೆ ಪಶ್ಚಿಮ ಮತ್ತು ಪೂರ್ವ ಎಂದು ಇಬ್ಭಾಗವಾಯಿತು ಎಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ಪಶ್ಚಿಮದವರು ರೋಮಿನ ಪೋಪರನ್ನು ಪರಮಾಧಿಕಾರಿಯೆಂದು ಒಪ್ಪಿದರು. ಪೂರ್ವದ ಆರ್ಥೊಡಾಕ್ಸರು ಒಪ್ಪಲಿಲ್ಲ. ಯುಕ್ರೇನಿನ ಜನ ಮೊದಲಿನಿಂದ ಪೂರ್ವದ ಸಂಪ್ರದಾಯಕ್ಕೆ ಸೇರಿದವರು. ಆದರೆ 1596ರಲ್ಲಿ ಬ್ರೆಸ್ಟ್ ಎಂಬಲ್ಲಿ ನಡೆದ ಒಪ್ಪಂದದ ಪ್ರಕಾರ ಅವರಲ್ಲಿ ಒಂದು ಭಾಗವು ಪೋಪರ ಅಧಿಕಾರವನ್ನು ಸ್ವೀಕರಿಸಿತು. ಪೂಜಾವಿಧಿ ಪೂರ್ವದ್ದು, ಭಾಷೆ ಹಳೆಯ ಸ್ಲಾವ್ ಭಾಷೆ, ಪಾದ್ರಿಗಳು ಗೃಹಸ್ಥರಾಗಿರಬಹುದು. ಅಧೀನತೆ ಮಾತ್ರ ರೋಮಿಗೆ. ಇವರಿಗೆ ಗ್ರೀಕ್ ಕ್ಯಾಥೊಲಿಕರೆಂದು ಹೆಸರು. ಆಸ್ಟ್ರಿಯ ಸಾಮ್ರಾಜ್ಯದ ಗಲೀಷಿಯ ಪ್ರಾಂತದ ಯುಕ್ರೇನಿಯನ್ನರು ಈ ಪಂಗಡದವರು. ನೆರೆಯ ಬುಕೊವಿನವನ್ನು ಆಸ್ಟ್ರಿಯವು 1775ರಲ್ಲಿ ಮೊಲ್ದಾವಿಯದಿಂದ ಪಡೆಯಿತು. ಅಲ್ಲಿಯವರು ಆರ್ಥೊಡಾಕ್ಸರಾಗಿಯೇ ಉಳಿದರು. ಹೀಗೆ ಒಂದೇ ಭಾಷೆಯಾಡುವ, ಹೆಚ್ಚು ಕಡಮೆ ಒಂದೇ ರೀತಿಯಲ್ಲಿ ಪೂಜಿಸುವ, ಒಂದೇ ಚಕ್ರವರ್ತಿಯ ಪ್ರಜೆಗಳಾದ ರೈತರು ಎರಡು ಧರ್ಮಸಭೆಗಳಿಗೆ ಸೇರಿದವರಾಗಿದ್ದರು.

ಇವರನ್ನು ಇಂದು ನಾವು ಯುಕ್ರೇನಿಯನ್ನರು ಎನ್ನುತ್ತೇವೆ. ಆ ಕಾಲದಲ್ಲಿ ಅವರು ತಮ್ಮನ್ನು ರುಸಿನ್ ಎಂದು ಕರೆದುಕೊಳ್ಳುತ್ತಿದ್ದರು. ಕೆನಡಾದ ಅಧಿಕಾರಿಗಳು ರುಥೇನಿಯನ್, ಗಲೀಷಿಯನ್, ಬುಕೊವಿನಿಯನ್, ಆಸ್ಟ್ರಿಯನ್ ಎಂದು ತೋಚಿದಂತೆ ಬರೆದುಕೊಂಡರು. ಇಂದು ಚರ್ಚಿನ ಹೆಸರಿನಲ್ಲಿರುವ ‘ಯುಕ್ರೇನಿಯನ್’ ಎಂಬ ಪದ ಕಟ್ಟಿದವರ ಬಾಯಲ್ಲಿ ಇದ್ದುದಲ್ಲ. ಅದು ಮುಂದಿನ ತಲೆಮಾರಿನ ಹೋರಾಟದ ಫಲ. ಹೆಸರನ್ನು ನೋಡಿ ಕಾಲವನ್ನು ನಿರ್ಣಯಿಸುವ ಅವಸರ ಇಲ್ಲಿ ಕೂಡದು.

ಬುಕೊವಿನದ ರಾಜಧಾನಿ ಚೆರ್ನಿವ್ತ್ಸಿ. 1873ರಲ್ಲಿ ಅಲ್ಲಿಯ ಪೀಠವು ಮೆಟ್ರೊಪಾಲಿಟನ್ ಪೀಠವಾಯಿತು, ಎಂದರೆ ಮಹಾಧರ್ಮಾಧ್ಯಕ್ಷರ ಸ್ಥಾನವಾಯಿತು. ಅವರಿಗಾಗಿ 1864ರಿಂದ 1882ರವರೆಗೆ ಯೋಸೆಫ್ ಹ್ಲಾವ್ಕ ಎಂಬ ಜೆಕ್ ವಾಸ್ತುಶಿಲ್ಪಿಯು ಕೆಂಪು ಇಟ್ಟಿಗೆಯ ಒಂದು ಭವ್ಯ ನಿವಾಸವನ್ನು ನಿರ್ಮಿಸಿದನು. 2011ರಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪೀಠದ ಹಿಂದೆ ‘ಧಾರ್ಮಿಕ ನಿಧಿ’ ಎಂಬ ಸಂಪತ್ತಿತ್ತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆಸ್ಟ್ರಿಯ ಸರಕಾರವು ಸಂನ್ಯಾಸಿಮಠಗಳ ಭೂಮಿಗಳನ್ನು ವಶಪಡಿಸಿಕೊಂಡು ಸ್ಥಾಪಿಸಿದ ಈ ನಿಧಿಗೆ ಅಪಾರ ಕಾಡೂ ಹೊಲವೂ ಸೇರಿದ್ದವು. ಪಾದ್ರಿಗಳ ಸಂಬಳ ಅಲ್ಲಿಂದ ಬರುತ್ತಿತ್ತು. ಈ ವಿವರವನ್ನು ನೆನಪಿನಲ್ಲಿಡಬೇಕು. ಪಾದ್ರಿಯನ್ನು ಸಾಕುವ ಹೊಣೆಯನ್ನು ಎಂದೂ ಪೂರ್ತಿಯಾಗಿ ಹೊರದಿದ್ದ ಜನ ಇವರು. ಅವರಿಗಿದ್ದ ಕೊರತೆ ಭೂಮಿಯದು. ತಂದೆಯ ಹೊಲ ಮಕ್ಕಳಲ್ಲಿ ಹಂಚಿ ಹಂಚಿ ಹೋಗಿ, ಒಂದು ಕುಟುಂಬ ಬದುಕಲು ಸಾಲದಷ್ಟು ತುಂಡಾಗಿತ್ತು. ಕಾಡು ಜಮೀನುದಾರರದು ಅಥವಾ ನಿಧಿಯದು. ಒಲೆಗೆ ಬೇಕಾದ ಸೌದೆಗೂ ದುಡ್ಡು ತೆರಬೇಕಾಗಿತ್ತು.

ಇಂಥವರ ಕಿವಿಗೆ ಕೆನಡಾದ ಸುದ್ದಿ ಬಿದ್ದಿತು. 1872ರ ಭೂ ಕಾನೂನಿನ ಪ್ರಕಾರ ಹತ್ತು ಡಾಲರ್ ಶುಲ್ಕ ಕಟ್ಟಿದವನಿಗೆ ಆ ಸರಕಾರವು 160 ಎಕರೆ ಭೂಮಿಯನ್ನು ಕೊಡುತ್ತಿತ್ತು. ಅಲ್ಲಿ ವಾಸಮಾಡಿ ಉತ್ತು ತೋರಿಸಬೇಕು, ಅಷ್ಟೆ. 1891ರಲ್ಲಿ ಗಲೀಷಿಯದ ನೆಬಿಲಿವ್ ಎಂಬ ಹಳ್ಳಿಯಿಂದ ಇವಾನ್ ಪಿಲಿಪಿವ್, ವಸಿಲ್ ಎಲೆನ್ಯಾಕ್ ಎಂಬಿಬ್ಬರು ಹೋಗಿ ನೋಡಿಬಂದರು. 1895ರಲ್ಲಿ ಒಸಿಪ್ ಒಲೆಸ್ಕಿವ್ ಎಂಬ ವಿದ್ವಾಂಸನು ಆ ಭೂಮಿಯನ್ನು ಕುರಿತು ಕಿರುಹೊತ್ತಗೆಗಳನ್ನು ಪ್ರಕಟಿಸಿದನು. ಅಲ್ಲಿಂದ ಮುಂದೆ ಪ್ರವಾಹ. 1914ರ ಮಹಾಯುದ್ಧದ ವೇಳೆಗೆ ಸುಮಾರು 1,70,000 ಮಂದಿ ಕೆನಡಾ ಸೇರಿದ್ದರು.

ಮ್ಯಾನಿಟೋಬದ ಆಗ್ನೇಯ ಮೂಲೆಯ ಸ್ಟುವರ್ಟ್‌ಬರ್ನ್ ಸೀಮೆಯಲ್ಲಿ, ರೋಸೋ ನದಿಯ ಆಸುಪಾಸಿನಲ್ಲಿ, 1896ರಿಂದ ಇವರು ನೆಲೆಸತೊಡಗಿದರು. ಗಾರ್ಡನ್‌ಟನ್ ಈ ಸೀಮೆಗೆ ಸೇರಿದ್ದು; ವಿನಿಪೆಗ್ ನಗರದಿಂದ ತೆಂಕಣಕ್ಕೆ ಸುಮಾರು 100 ಕಿಲೋಮೀಟರು, ಅಮೆರಿಕ ಸಂಯುಕ್ತ ಸಂಸ್ಥಾನದ ಗಡಿಗೆ ಬಹು ಸಮೀಪ. ಇಂಗ್ಲಿಷ್ ಮಾತಿನ ರೈತರು ಬೇಡವೆಂದು ಬಿಟ್ಟುಹೋದ ನೆಲ ಅದು. ಕಲ್ಲು, ಜೌಗು, ಕುರುಚಲು ಕಾಡು. ಅಂಥದನ್ನು ಇವರೇಕೆ ಆರಿಸಿಕೊಂಡರು ಎಂಬ ಪ್ರಶ್ನೆಗೆ ಅಜ್ಞಾನವೇ ಉತ್ತರವೆಂದು ಬಹುಕಾಲ ಹೇಳಲಾಗುತ್ತಿತ್ತು. ಈ ಸೀಮೆಯ ಚರಿತ್ರೆಯನ್ನು ಬರೆದಿರುವ ಭೂಗೋಳ ವಿದ್ವಾಂಸ ಜಾನ್ ಲೆಹ್ರ್ ಅವರು ಬೇರೆ ಕಾರಣಗಳನ್ನು ತೋರಿಸಿಕೊಟ್ಟಿದ್ದಾರೆ. ಕೈಯಲ್ಲಿ ಕಾಸಿಲ್ಲದ ರೈತನಿಗೆ ಫಲವತ್ತಾದ ಬಯಲಿಗಿಂತ ಮರ, ನೀರು, ಹುಲ್ಲು ಇವೇ ಮೊದಲ ಅಗತ್ಯ. ಅದಕ್ಕಿಂತ ಹೆಚ್ಚಾಗಿ, ನೆಂಟನ ಪಕ್ಕದಲ್ಲಿ, ತನ್ನ ಊರವನ ಪಕ್ಕದಲ್ಲಿ, ತನ್ನ ಧರ್ಮದವನ ಪಕ್ಕದಲ್ಲಿ ಇರಬೇಕೆಂಬ ಆಸೆ. ಸ್ಟುವರ್ಟ್‌ಬರ್ನ್ ಸೀಮೆಯಲ್ಲಿ ಗಲೀಷಿಯದವರು ಒಂದು ಕಡೆ, ಬುಕೊವಿನದವರು ಇನ್ನೊಂದು ಕಡೆ ಗುಂಪುಗೂಡಿದುದು ಈ ಕಾರಣದಿಂದಲೇ. ಲೆಹ್ರ್ ಅವರ ಈ ವಿವರಣೆ ನನಗೆ ಸರಿಯೆಂದು ತೋರುತ್ತದೆ. ಸ್ವದೇಶದಲ್ಲಿ ಒಂದು ಹೊರೆ ಸೌದೆಗೆ ಕೈಯೊಡ್ಡಿದವನು ತನ್ನದೇ ಆದ ಕಾಡನ್ನು ಕಂಡಾಗ ಕಲ್ಲನ್ನು ಲೆಕ್ಕಿಸುವನೆ?

ಮೊದಲ ಚಳಿಗಾಲವನ್ನು ಅನೇಕರು ನೆಲದಲ್ಲಿ ತೋಡಿದ ಗುಂಡಿಮನೆಗಳಲ್ಲಿ ಕಳೆದರು. ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವ ಚಳಿ. ಗಂಡಸರು ನಗದು ಹಣಕ್ಕಾಗಿ ರೈಲುಹಾದಿಯ ಕೆಲಸಕ್ಕೆ ತಿಂಗಳುಗಟ್ಟಲೆ ಹೋಗುತ್ತಿದ್ದರು. ಹೊಲ, ಮಕ್ಕಳು, ದನ, ಎಲ್ಲವೂ ಹೆಂಗಸರ ಪಾಲು. ಮಕ್ಕಳು ಹುಟ್ಟಿದರು, ಮುದುಕರು ಸತ್ತರು. ದೀಕ್ಷಾಸ್ನಾನ ಕೊಡಲು, ಮದುವೆ ಮಾಡಿಸಲು, ಮಣ್ಣಿಗಿಡುವಾಗ ಪ್ರಾರ್ಥನೆ ಹೇಳಲು ಪಾದ್ರಿಯಿಲ್ಲ.

ಊರಿನಿಂದ ಪಾದ್ರಿ ಏಕೆ ಬರಲಿಲ್ಲ? ಉತ್ತರ ಅಮೆರಿಕವು ರಷ್ಯನ್ ಧರ್ಮಾಧ್ಯಕ್ಷರ ವ್ಯಾಪ್ತಿಗೆ ಸೇರಿದ್ದು, ಅಲ್ಲಿ ತಾವು ಕೈಹಾಕುವಂತಿಲ್ಲ ಎಂಬುದು ಚೆರ್ನಿವ್ತ್ಸಿಯ ಪೀಠದ ನಿಲುವು. ಶಾಸ್ತ್ರದ ದೃಷ್ಟಿಯಿಂದ ಈ ಮಾತನ್ನು ತಪ್ಪೆನ್ನಲಾಗದು. 1794ರಲ್ಲಿಯೇ ರಷ್ಯನ್ ಸಂನ್ಯಾಸಿಗಳು ಅಲಾಸ್ಕದ ಕೊಡಿಯಾಕ್ ದ್ವೀಪಕ್ಕೆ ಬಂದಿದ್ದರು. 1867ರಲ್ಲಿ ರಷ್ಯವು ಅಲಾಸ್ಕವನ್ನು ಅಮೆರಿಕಕ್ಕೆ ಮಾರಿದ ಮೇಲೂ ಅವರ ಪೀಠ ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ ಮುಂದುವರಿಯಿತು. ಆದರೆ ಅಷ್ಟು ಭೂಮಿಕಾಣಿಯಿದ್ದ ಪೀಠ, ಅಂಥ ಅರಮನೆಯಿದ್ದ ಪೀಠ, ಸಾವಿರಗಟ್ಟಲೆ ಜನ ತನ್ನ ಮಡಿಲಿನಿಂದ ಹೊರಟುಹೋಗುತ್ತಿರುವಾಗ ಗಡಿಯ ಮಾತನಾಡಿ ಸುಮ್ಮನಾದುದನ್ನು ಓದಿದರೆ ಖೇದವಾಗುತ್ತದೆ.

ಪಾದ್ರಿಯಿಲ್ಲದಿದ್ದರೂ ಪೂಜೆ ಪೂರ್ತಿ ನಿಲ್ಲಲಿಲ್ಲ. ಅವರ ಹಳ್ಳಿಗಳಲ್ಲಿ ‘ದ್ಯಾಕ್’ ಎಂಬೊಬ್ಬ ಗಾಯಕನಿರುತ್ತಾನೆ. ಅವನು ಪಾದ್ರಿಯಲ್ಲ, ರೈತನೇ. ಆದರೆ ಹಳೆಯ ಸ್ಲಾವ್ ಭಾಷೆಯ ಅಕ್ಷರ ಬಲ್ಲವನು, ವರ್ಷದ ಹಬ್ಬಹಬ್ಬದ ರಾಗ ಬಲ್ಲವನು. ಪೂರ್ವದ ಪೂಜೆಯಲ್ಲಿ ವಾದ್ಯವಿಲ್ಲ, ಎಲ್ಲವೂ ಕಂಠಗಾನ. ವಲಸೆ ಬಂದವರ ನಡುವೆ ಇಂಥವರು ಅಲ್ಲಲ್ಲಿ ಇದ್ದರು. ಭಾನುವಾರ ಯಾರದಾದರೂ ಮನೆಯಲ್ಲಿ ಜನ ಸೇರುತ್ತಿದ್ದರು; ಮುಂಜಾನೆಯ ಮತ್ತು ಸಂಜೆಯ ಪ್ರಾರ್ಥನೆಗಳನ್ನು ಅವನ ಹಿಂದೆ ಹಾಡುತ್ತಿದ್ದರು. ಪರಮಪ್ರಸಾದದ ಬಲಿಪೂಜೆ ಮಾತ್ರ ಅಸಾಧ್ಯ. ಅದಕ್ಕೆ ದೀಕ್ಷೆ ಪಡೆದ ಪಾದ್ರಿ ಬೇಕು. ಪಾದ್ರಿ ಇದ್ದರೂ ಸಾಲದು. ಆರ್ಥೊಡಾಕ್ಸ್ ಸಂಪ್ರದಾಯದಲ್ಲಿ ‘ಆಂಟಿಮಿನ್ಸ್’ ಎಂಬ ಒಂದು ವಸ್ತ್ರವುಂಟು. ಕ್ರಿಸ್ತನ ಸಮಾಧಿಯ ಚಿತ್ರವಿರುವ ಈ ಬಟ್ಟೆಯಲ್ಲಿ ಸಂತರ ಅಸ್ಥಿಯ ಕಣವೊಂದನ್ನು ಹೊಲಿದಿರುತ್ತಾರೆ. ಧರ್ಮಾಧ್ಯಕ್ಷನು ಸಹಿ ಮಾಡಿ ಕೊಟ್ಟಿರುತ್ತಾನೆ. ಅದನ್ನು ಬಲಿಪೀಠದ ಮೇಲೆ ಹಾಸದೆ ಬಲಿಪೂಜೆ ನಡೆಯದು. ಎಂದರೆ ರೈತರು ಗೋಡೆ, ಮಾಡು, ಶಿಲುಬೆ, ಗಂಟೆ ಎಲ್ಲವನ್ನೂ ತಾವೇ ಮಾಡಿಕೊಳ್ಳಬಲ್ಲರು. ಆದರೆ ಈ ಒಂದು ಬಟ್ಟೆಗಾಗಿ ಯಾವನಾದರೊಬ್ಬ ಧರ್ಮಾಧ್ಯಕ್ಷನ ಬಾಗಿಲಿಗೆ ಹೋಗಲೇಬೇಕು. ಮುಂದಿನ ಎಲ್ಲ ಜಗಳದ ಬೇರು ಇಲ್ಲಿದೆಯೆಂದು ನನ್ನ ಅಭಿಪ್ರಾಯ.

ಈಗ ಕಟ್ಟಡವನ್ನು ನೋಡೋಣ. ಸಂತ ಮೈಕೇಲನ ಚರ್ಚು ತೊಲೆಗಳನ್ನು ಅಡ್ಡಡ್ಡವಾಗಿ ಒಂದರ ಮೇಲೊಂದು ಪೇರಿಸಿ ಕಟ್ಟಿದ್ದು; ಹೊರಗಡೆಗೆ ಆಮೇಲೆ ಹಲಗೆ ಹೊದಿಸಿದ್ದಾರೆ. ಬುಕೊವಿನದ ಹಳ್ಳಿಯ ಚರ್ಚುಗಳು ಅಲ್ಲಿಯ ರೈತನ ಮನೆಯನ್ನೇ ಹೋಲುತ್ತವೆ: ಪೂರ್ವ ಪಶ್ಚಿಮವಾಗಿ ನೀಳವಾದ ಮೈ, ಮೇಲೆ ಕಡಿದಾಗಿ ಇಳಿಯುವ ದೊಡ್ಡ ಮಾಡು, ಗೋಡೆಯಿಂದ ಬಹುದೂರ ಚಾಚಿದ ಸೂರು. ಗಲೀಷಿಯದವರ ಚರ್ಚುಗಳಲ್ಲಿ ಕಾಣುವ ಎತ್ತರದ ಗುಮ್ಮಟಗಳ ಸಾಲು ಇವರಲ್ಲಿ ಇಲ್ಲ. ಗಾರ್ಡನ್‌ಟನ್ನಿನ ಚರ್ಚಿನ ಮೇಲೆ ಇಂದು ಕಾಣುವ ಚಿಕ್ಕ ಗುಮ್ಮಟವೂ ಮುಂದಿನ ಕಾಲದ ಸೇರ್ಪಡೆ. ಗುಮ್ಮಟವನ್ನು ಮನಸ್ಸಿನಲ್ಲಿ ತೆಗೆದಿಟ್ಟು ನೋಡಿದರೆ ಉಳಿಯುವುದು ಒಂದು ದೊಡ್ಡ ಮನೆ.

ಒಳಗೆ ಮೂರು ಭಾಗಗಳು. ನಮ್ಮ ದೇವಾಲಯಗಳ ಮುಖಮಂಟಪ, ನವರಂಗ, ಗರ್ಭಗೃಹಗಳನ್ನು ಬಲ್ಲ ವಾಚಕರಿಗೆ ಈ ವಿನ್ಯಾಸ ಸುಲಭವಾಗಿ ತಿಳಿಯುತ್ತದೆ. ಪಶ್ಚಿಮದ ಬಾಗಿಲಿನಿಂದ ಒಳಬಂದರೆ ಮೊದಲು ‘ಬಾಬಿನೆತ್ಸ್’. ಸ್ತ್ರೀಯರು ನಿಲ್ಲುವ ಸ್ಥಳವಾದ್ದರಿಂದ ಆ ಹೆಸರು. ಅನಂತರ ಸಭೆ ನಿಲ್ಲುವ ನಡುವಣ ಅಂಕಣ. ಕೊನೆಗೆ ಪೂರ್ವದಲ್ಲಿ ಬಲಿಪೀಠವಿರುವ ಗರ್ಭಸ್ಥಾನ. ಅಲ್ಲಿಗೆ ಸಾಮಾನ್ಯರಿಗೆ ಪ್ರವೇಶವಿಲ್ಲ. ನಡುವಣ ಅಂಕಣಕ್ಕೂ ಗರ್ಭಸ್ಥಾನಕ್ಕೂ ಮಧ್ಯೆ ದೇವಚಿತ್ರಗಳ ಒಂದು ಗೋಡೆ. ಬಾಗಿಲುಗಳುಳ್ಳ ಈ ಚಿತ್ರಭಿತ್ತಿಗೆ ಐಕಾನೊಸ್ಟಾಸಿಸ್ ಎನ್ನುತ್ತಾರೆ. ಚಿತ್ರಗಳ ಮೇಲೆ ಹೆಂಗಸರು ಕಸೂತಿ ಹಾಕಿದ ಉದ್ದನೆಯ ವಸ್ತ್ರಗಳನ್ನು ಇಳಿಬಿಡುವುದು ಆ ಜನರ ವಾಡಿಕೆ. ಗಂಟೆಗೋಪುರ ಚರ್ಚಿಗೆ ಅಂಟಿಕೊಂಡಿಲ್ಲ. ಅಂಗಳದಲ್ಲಿ ಪ್ರತ್ಯೇಕವಾಗಿ ನಿಂತಿದೆ. ಪಕ್ಕದಲ್ಲಿ ಸ್ಮಶಾನ.

ಇದರ ನಕ್ಷೆಯನ್ನು ಹಾಕಿದ ವಾಸ್ತುಶಿಲ್ಪಿಯೊಬ್ಬನಿಲ್ಲ. ಊರಿನ ಚರ್ಚು ಹೇಗಿತ್ತೆಂಬುದು ಎಲ್ಲರ ನೆನಪಿನಲ್ಲಿತ್ತು; ಅಳತೆ ಬಡಗಿಯ ಕೈಯಲ್ಲಿತ್ತು. ಮೂಲೆಯಲ್ಲಿ ತೊಲೆಗಳನ್ನು ಕಚ್ಚು ಹಾಕಿ ಜೋಡಿಸುವ ಕೆಲಸ ಗಂಡಸರದು. ಸಂದುಗಳಿಗೆ ಹುಲ್ಲು ಬೆರೆಸಿದ ಮಣ್ಣು ಮೆತ್ತಿ ಸುಣ್ಣ ಬಳಿಯುವ ಕೆಲಸ ಆ ಜನರಲ್ಲಿ ಹೆಂಗಸರದು. ಎಲ್ಲರೂ ಸಾಲಗಾರರೇ ಆಗಿದ್ದಾಗ ಧನಸಹಾಯ ಮಾಡುವವರು ಯಾರು? ಶ್ರಮವೇ ಕಾಣಿಕೆ. ಈ ಮಾತನ್ನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಚರ್ಚಿನ ಒಡೆತನದ ಪ್ರಶ್ನೆ ಬಂದಾಗ ಜನ ತಮ್ಮ ಹಕ್ಕಿಗೆ ಆಧಾರವಾಗಿ ಮುಂದಿಟ್ಟದ್ದು ಈ ಶ್ರಮವನ್ನೇ.

ಸಂತ ಮೈಕೇಲ ಎಂದರೆ ದೇವದೂತರ ಸೇನಾನಿ. ಅವನ ಹಬ್ಬ ಹಳೆಯ ಜೂಲಿಯನ್ ಪಂಚಾಂಗದ ನವೆಂಬರ್ 8. ಪೂರ್ವದವರು ತಮ್ಮ ಪರ್ವಗಳನ್ನು ಈ ಪಂಚಾಂಗದ ಪ್ರಕಾರ ಆಚರಿಸುತ್ತಿದ್ದುದರಿಂದ, ಹತ್ತೊಂಬತ್ತನೆಯ ಶತಮಾನದಲ್ಲಿ ಅವರ ಹಬ್ಬಗಳು ಸರಕಾರಿ ಪಂಚಾಂಗಕ್ಕಿಂತ 12 ದಿನ ಹಿಂದೆ ಬೀಳುತ್ತಿದ್ದವು. ಜೂಲಿಯನ್ ಗಣನೆಯಲ್ಲಿ 1900 ಅಧಿಕ ವರ್ಷ, ಗ್ರೆಗೋರಿಯನ್ ಗಣನೆಯಲ್ಲಿ ಅಲ್ಲ. ಆದುದರಿಂದ ಚರ್ಚು ಮುಗಿದ ಮರುವರ್ಷವೇ ಅಂತರ 13 ದಿನವಾಯಿತು. ಮೈಕೇಲನ ಹಬ್ಬ ನವೆಂಬರ್ 20ರಿಂದ 21ಕ್ಕೆ ಸರಿಯಿತು. ನೆರೆಯ ಇಂಗ್ಲಿಷರು ಕ್ರಿಸ್ಮಸ್ ಮುಗಿಸಿ ಎರಡು ವಾರದ ಮೇಲೆ ಇವರ ಕ್ರಿಸ್ಮಸ್. ಶಾಲೆಗಳಲ್ಲಿ ಈ ಕಾರಣದಿಂದ ಮಕ್ಕಳ ಹಾಜರಿಯ ತೊಡಕು ಎಷ್ಟಿತ್ತೆಂಬುದನ್ನು ಉಪಾಧ್ಯಾಯ ವೃತ್ತಿಯಲ್ಲಿದ್ದವನು ಊಹಿಸಬಲ್ಲೆ.

ಚೆರ್ನಿವ್ತ್ಸಿ ಕೈಬಿಟ್ಟಮೇಲೆ ಈ ರೈತರ ಕೈಹಿಡಿದುದು ರಷ್ಯನ್ ಮಿಷನ್. 1898ರ ಡಿಸೆಂಬರಿನಲ್ಲಿ ಟೀಖನ್ ಎಂಬ ಧರ್ಮಾಧ್ಯಕ್ಷನು ಸಾನ್ ಫ್ರಾನ್ಸಿಸ್ಕೊ ಪೀಠಕ್ಕೆ ಬಂದನು. 1907ರವರೆಗೆ ಅಮೆರಿಕದಲ್ಲಿದ್ದು, 1917ರಲ್ಲಿ ಮಾಸ್ಕೊದ ಪೇಟ್ರಿಯಾರ್ಕನಾಗಿ, ಬೊಲ್ಷೆವಿಕರ ಕಿರುಕುಳವನ್ನು ಅನುಭವಿಸಿ 1925ರಲ್ಲಿ ತೀರಿಕೊಂಡ ಟೀಖನ್ ಇವನೇ. ಮ್ಯಾನಿಟೋಬಕ್ಕೆ ಹತ್ತಿರದ ರಷ್ಯನ್ ಕೇಂದ್ರ ಅಮೆರಿಕದ ಮಿನಿಯಾಪೊಲಿಸ್. ಅದರ ಕಥೆಯೂ ಕುತೂಹಲಕರ. ಅಲೆಕ್ಸಿಸ್ ಟೊತ್ ಎಂಬ ಗ್ರೀಕ್ ಕ್ಯಾಥೊಲಿಕ್ ಪಾದ್ರಿ 1889ರಲ್ಲಿ ಅಲ್ಲಿಗೆ ಬಂದಾಗ, ಆ ಸೀಮೆಯ ರೋಮನ್ ಕ್ಯಾಥೊಲಿಕ್ ಮಹಾಧರ್ಮಾಧ್ಯಕ್ಷ ಜಾನ್ ಐರ್ಲೆಂಡನು, ಟೊತ್ ವಿವಾಹವಾಗಿ ವಿಧುರನಾದವನೆಂಬುದನ್ನು ತಿಳಿದು, ಅವನನ್ನು ಪಾದ್ರಿಯೆಂದು ಒಪ್ಪಲು ನಿರಾಕರಿಸಿದನು. 1891ರಲ್ಲಿ ಟೊತ್ ತನ್ನ ಸಭೆಯೊಡನೆ ರಷ್ಯನ್ ಆರ್ಥೊಡಾಕ್ಸ್ ಧರ್ಮಸಭೆಗೆ ಸೇರಿದನು. ಹೀಗೆ ಒಬ್ಬರು ಬಾಗಿಲು ಮುಚ್ಚಿದಾಗ ಇನ್ನೊಬ್ಬರು ತೆರೆಯುತ್ತಿದ್ದರು.

ರಷ್ಯನ್ ಪಾದ್ರಿಗಳು ಹಣ ಕೇಳುತ್ತಿರಲಿಲ್ಲ; ಅವರ ವೆಚ್ಚ ರಷ್ಯದ ಬೊಕ್ಕಸದಿಂದ ಬರುತ್ತಿತ್ತು. ಪೂಜೆಯ ಭಾಷೆ ಒಂದೇ, ವಿಧಿ ಒಂದೇ. ಊರಿನಲ್ಲಿ ಪಾದ್ರಿಗೆ ಸಂಬಳ ಕೊಟ್ಟು ಅಭ್ಯಾಸವಿಲ್ಲದ ಬುಕೊವಿನದ ರೈತರಿಗೆ ಇದು ಸಹಜವಾಗಿಯೇ ಹಿಡಿಸಿತು. ಆಂಟಿಮಿನ್ಸ್ ಬಂದಿತು, ಪೂಜೆ ನಡೆಯಿತು. ಆದರೆ ಪಾದ್ರಿ ಊರಲ್ಲಿ ನಿಲ್ಲಲಿಲ್ಲ. ನೂರಾರು ಮೈಲಿ ಹರಡಿದ ಹಳ್ಳಿಗಳಿಗೆ ಬೆರಳೆಣಿಕೆಯ ಪಾದ್ರಿಗಳು. ಒಮ್ಮೆ ಬಂದವನು ಮತ್ತೆ ಬರುವುದು ಯಾವಾಗಲೋ. ನಡುವಿನ ದಿನಗಳಲ್ಲಿ ಮತ್ತೆ ದ್ಯಾಕನೇ ಗತಿ.

ಒಡೆತನದ ಕಲಹ ಮೊದಲು ಸಿಡಿದದ್ದು ಪಶ್ಚಿಮದ ಆಲ್ಬರ್ಟದಲ್ಲಿ, ಸ್ಟಾರ್ ಎಂಬ ನೆಲೆಯಲ್ಲಿ. ಅಲ್ಲಿಯ ವಲಸೆಗಾರರು ಗಲೀಷಿಯದವರು. 1897ರಲ್ಲಿ ಕೆಲವೇ ತಿಂಗಳುಗಳ ಅಂತರದಲ್ಲಿ ಆ ಕಡೆಗೆ ಗ್ರೀಕ್ ಕ್ಯಾಥೊಲಿಕ್ ಪಾದ್ರಿ ನೆಸ್ಟರ್ ದ್ಮಿತ್ರಿವ್ ಬಂದುಹೋದನು. ರಷ್ಯನ್ ಮಿಷನ್ನಿನವರೂ ಬಂದರು. ಜನ ಕಟ್ಟಿದ ಒಂದು ಚರ್ಚಿಗೆ ಎರಡು ಪಕ್ಷಗಳಾದವು. ಭೂಮಿಯ ಪತ್ರ ಇದ್ದದ್ದು ಧರ್ಮದರ್ಶಿಗಳ ಹೆಸರಿನಲ್ಲಿ. ಆ ಧರ್ಮದರ್ಶಿಗಳು ಯಾವ ಧರ್ಮಸಭೆಯ ಪರವಾಗಿ ಅದನ್ನು ಹಿಡಿದಿದ್ದಾರೆಂಬುದೇ ವಿವಾದ. ನಿನ್ನೆಯವರೆಗೆ ಒಂದೇ ಕೊಡಲಿಯಿಂದ ಮರ ಕಡಿದವರು ವಾದಿ ಪ್ರತಿವಾದಿಗಳಾಗಿ ನಿಂತರು. ಮೊಕದ್ದಮೆ ಕೆನಡಾದ ನ್ಯಾಯಾಲಯಗಳನ್ನು ಹತ್ತಿ ಲಂಡನ್ನಿನ ಪ್ರಿವಿ ಕೌನ್ಸಿಲನ್ನು ಮುಟ್ಟಿತು. 1949ರವರೆಗೆ ನಮ್ಮ ದೇಶದ ಮಠ ದೇವಸ್ಥಾನಗಳ ವ್ಯಾಜ್ಯಗಳೂ ಕೊನೆಗೆ ತಲಪುತ್ತಿದ್ದ ಪೀಠ ಅದೇ ಎಂಬುದನ್ನು ವಾಚಕರು ಬಲ್ಲರು. 1907ರಲ್ಲಿ ತೀರ್ಪು ಆರ್ಥೊಡಾಕ್ಸರ ಕಡೆಗಾಯಿತು. ರೈತರ ಕಾಸು ಎರಡೂ ಕಡೆ ವಕೀಲರಿಗೆ ಹೋಯಿತು.

ಇನ್ನೊಂದು ಕಡೆ ರೋಮನ್ ಕ್ಯಾಥೊಲಿಕರ ಒತ್ತಡ. ವಿನಿಪೆಗ್ಗಿನ ಮಗ್ಗುಲಿನ ಸೇಂಟ್ ಬಾನಿಫೇಸಿನ ಮಹಾಧರ್ಮಾಧ್ಯಕ್ಷ ಲಾಂಜೆವಿನ್ ಫ್ರೆಂಚ್ ಮಾತಿನವನು. ಗ್ರೀಕ್ ಕ್ಯಾಥೊಲಿಕರ ಚರ್ಚುಗಳನ್ನೂ ಧರ್ಮಾಧ್ಯಕ್ಷರ ಹೆಸರಿಗೆ ಬರೆದುಕೊಡಬೇಕೆಂಬುದು ಅವರ ಕ್ರಮ. ಗೃಹಸ್ಥ ಪಾದ್ರಿಗಳು ಉತ್ತರ ಅಮೆರಿಕಕ್ಕೆ ಬರಬಾರದೆಂದು ರೋಮ್ ಆಜ್ಞೆ ಹೊರಡಿಸಿತ್ತು. ಗಲೀಷಿಯದ ಊರಪಾದ್ರಿಗಳಲ್ಲಿ ಬಹುಮಂದಿ ಗೃಹಸ್ಥರು. ಹಾಗಾಗಿ ಪಾದ್ರಿಯೂ ಇಲ್ಲ, ಆಸ್ತಿಯನ್ನು ಮಾತ್ರ ಒಪ್ಪಿಸಿರಿ ಎಂಬಂತಾಯಿತು. ರೈತರು ಸಂಶಯಪಟ್ಟದ್ದರಲ್ಲಿ ಆಶ್ಚರ್ಯವೇನು?

ಈ ಬರಗಾಲದಲ್ಲಿಯೇ ಸೆರಾಫಿಮ್ ಪ್ರಕರಣ ನಡೆಯಿತು. ಸ್ತೆಫಾನ್ ಉಸ್ತ್‌ವೊಲ್ಸ್ಕಿ ಎಂಬ ರಷ್ಯನ್ನನು 1903ರಲ್ಲಿ ವಿನಿಪೆಗ್ಗಿಗೆ ಬಂದು, ತಾನು ಯಾರ ಅಧೀನನೂ ಅಲ್ಲದ ಧರ್ಮಾಧ್ಯಕ್ಷ ಸೆರಾಫಿಮ್ ಎಂದು ಘೋಷಿಸಿಕೊಂಡನು. ದ್ಯಾಕರಿಗೆ, ಅಕ್ಷರ ಬಲ್ಲ ರೈತರಿಗೆ ಪಾದ್ರಿದೀಕ್ಷೆ ಕೊಡುತ್ತ ಹೋದನು. ಅಲ್ಪಕಾಲದಲ್ಲಿ ಅಂಥವರು ಸುಮಾರು 50 ಮಂದಿಯಾದರು. 1904ರಲ್ಲಿ ಅವನು ವಿನಿಪೆಗ್ಗಿನ ಉತ್ತರಭಾಗದಲ್ಲಿ ಹಳೆಯ ತಗಡು ಮತ್ತು ಮರದ ಚೂರುಗಳಿಂದ ಒಂದು ಚರ್ಚು ಕಟ್ಟಿಸಿದನು. ಜನ ಅದನ್ನು ತಗಡಿನ ಮಹಾದೇವಾಲಯ ಎಂದರು. ಚರಿತ್ರಕಾರರು ಸೆರಾಫಿಮನನ್ನು ಹಾಸ್ಯದ ವಸ್ತುವನ್ನಾಗಿ ಮಾಡುವುದುಂಟು. ಆದರೆ ಮಗುವಿಗೆ ದೀಕ್ಷಾಸ್ನಾನವಿಲ್ಲದೆ ವರ್ಷಗಟ್ಟಲೆ ಕಾದ ತಾಯಿಯ ದೃಷ್ಟಿಯಿಂದ ನೋಡಿದರೆ ಅವನ ಜನಪ್ರಿಯತೆ ನಗುವ ವಿಷಯವಲ್ಲ. ಅವನು ರಷ್ಯಕ್ಕೆ ಹೋಗಿ ಮರಳುವಷ್ಟರಲ್ಲಿ, ಅವನಿಂದ ದೀಕ್ಷೆ ಪಡೆದ ಇವಾನ್ ಬೊದ್ರುಗ್ ಮೊದಲಾದವರು ಪ್ರೆಸ್ಬಿಟೇರಿಯನ್ ಧರ್ಮಸಭೆಯ ಹಣದ ಬೆಂಬಲದಿಂದ ಸ್ವತಂತ್ರ ಗ್ರೀಕ್ ಧರ್ಮಸಭೆಯನ್ನು ಕಟ್ಟಿಕೊಂಡಿದ್ದರು. ಹೊರಗೆ ಪೂರ್ವದ ಪೂಜೆ, ಒಳಗೆ ಪ್ರಾಟೆಸ್ಟೆಂಟ್ ತತ್ತ್ವ. 1913ರಲ್ಲಿ ಹೊರಗಿನದನ್ನೂ ಬಿಡಬೇಕಾಗಿ ಬಂದು ಆ ಸಂಸ್ಥೆ ಪ್ರೆಸ್ಬಿಟೇರಿಯನರಲ್ಲಿ ಲೀನವಾಯಿತು.

ಮಹಾಯುದ್ಧ ಬಂದಾಗ ಈ ಜನರಿಗೆ ಬೇರೊಂದು ಕಷ್ಟ. ಆಸ್ಟ್ರಿಯದ ಪ್ರಜೆಗಳೆಂಬ ಕಾರಣದಿಂದ ಸುಮಾರು 80,000 ಮಂದಿ, ಅವರಲ್ಲಿ ಬಹುಪಾಲು ಯುಕ್ರೇನಿಯನ್ನರು, ಶತ್ರುದೇಶೀಯರೆಂದು ನೋಂದಾಯಿಸಿಕೊಳ್ಳಬೇಕಾಯಿತು. 1914ರಿಂದ 1920ರವರೆಗೆ 8,579 ಮಂದಿಯನ್ನು ಶಿಬಿರಗಳಲ್ಲಿ ಕೂಡಿಹಾಕಲಾಯಿತು.

1917ರ ಕ್ರಾಂತಿಯಿಂದ ರಷ್ಯದ ಹಣ ನಿಂತಿತು. ಅದೇ ವೇಳೆಗೆ ಗ್ರೀಕ್ ಕ್ಯಾಥೊಲಿಕರ ಮೊದಲ ಧರ್ಮಾಧ್ಯಕ್ಷನಾಗಿ 1912ರಲ್ಲಿ ಬಂದಿದ್ದ ನಿಕಿತ ಬೂದ್ಕನಿಗೂ ಸಮುದಾಯದ ವಿದ್ಯಾವಂತರಿಗೂ ಆಸ್ತಿಯ ಪ್ರಶ್ನೆಯಲ್ಲಿಯೇ ಬಿರುಕು ಬಿಟ್ಟಿತ್ತು. ಸ್ಯಾಸ್ಕಟೂನ್ ನಗರದ ಪೆತ್ರೊ ಮೊಹಿಲ ವಿದ್ಯಾರ್ಥಿನಿಲಯವನ್ನು ಧರ್ಮಾಧ್ಯಕ್ಷರ ಸಂಸ್ಥೆಗೆ ನೋಂದಾಯಿಸಬೇಕೆ ಬೇಡವೆ ಎಂಬುದು ಜಗಳದ ಮೊದಲು. 1918ರ ಜುಲೈಯಲ್ಲಿ ಅದೇ ನಗರದಲ್ಲಿ ಸೇರಿದ ಸಭೆಯು ಕೆನಡಾದ ಯುಕ್ರೇನಿಯನ್ ಗ್ರೀಕ್ ಆರ್ಥೊಡಾಕ್ಸ್ ಧರ್ಮಸಭೆಯನ್ನು ಸ್ಥಾಪಿಸಿತು. ಅದರ ಮೂಲತತ್ತ್ವಗಳಲ್ಲಿ ಮೂರನ್ನು ಇಲ್ಲಿ ಹೇಳಬೇಕು. ಪಾದ್ರಿಗಳು ಗೃಹಸ್ಥರಾಗಿರಬೇಕು, ಧರ್ಮಾಧ್ಯಕ್ಷರನ್ನು ಪಾದ್ರಿಗಳೂ ಜನಪ್ರತಿನಿಧಿಗಳೂ ಕೂಡಿದ ಮಹಾಸಭೆ ಚುನಾಯಿಸಬೇಕು, ಚರ್ಚಿನ ಆಸ್ತಿ ಅದನ್ನು ಕಟ್ಟಿದ ಸಭೆಯ ಒಡೆತನದಲ್ಲಿಯೇ ಇರಬೇಕು. ಇಲ್ಲಿ ಒಂದು ವೈಚಿತ್ರ್ಯವಿದೆ. ಈ ಧರ್ಮಸಭೆಯನ್ನು ಆರಂಭಿಸಿದವರು ಬಹುಮಟ್ಟಿಗೆ ಗಲೀಷಿಯದಿಂದ ಬಂದ ಗ್ರೀಕ್ ಕ್ಯಾಥೊಲಿಕ್ ಮನೆತನದವರು. ಹುಟ್ಟು ಆರ್ಥೊಡಾಕ್ಸರಾದ ಬುಕೊವಿನದವರು ಹಿಂದೆಮುಂದೆ ನೋಡುತ್ತ, ರಷ್ಯನ್ ಮಿಷನ್ನಿನ ನೆನಪನ್ನು ನಿಧಾನವಾಗಿ ಬಿಡುತ್ತ, ಊರೂರಾಗಿ ಇದರೊಳಗೆ ಬಂದರು. ಕೆಲವು ಊರುಗಳು ಬರಲೇ ಇಲ್ಲ. ಕೆಲವು ಊರುಗಳಲ್ಲಿ ಚರ್ಚು ಎರಡಾಯಿತು. ಗಾರ್ಡನ್‌ಟನ್ನಿನ ಹಳೆಯ ಚರ್ಚು ಕಾಲಕ್ರಮದಲ್ಲಿ ಯುಕ್ರೇನಿಯನ್ ಆರ್ಥೊಡಾಕ್ಸ್ ಎಂಬ ಹೆಸರನ್ನು ಪಡೆದುದು ಹೀಗೆ.

ಹೊಸ ಧರ್ಮಸಭೆಗೂ ಮೊದಲು ಕಾಡಿದ್ದು ಹಳೆಯ ಕೊರತೆಯೇ: ಧರ್ಮಾಧ್ಯಕ್ಷನಿಲ್ಲ. ಮೊದಲು ಅಮೆರಿಕದಲ್ಲಿದ್ದ ಸಿರಿಯದ ಮೆಟ್ರೊಪಾಲಿಟನ್ ಗೆರ್ಮಾನೊಸರ ಆಶ್ರಯ ಪಡೆದರು. 1924ರಿಂದ ಮಹಾಧರ್ಮಾಧ್ಯಕ್ಷ ಇವಾನ್ ತೆಯೊದೊರೊವಿಚ್ ನೋಡಿಕೊಂಡರು. 1951ರಲ್ಲಿ ಮೆಟ್ರೊಪಾಲಿಟನ್ ಪೀಠವನ್ನೇರಿದ ಇಲಾರಿಯೋನರು ಪೂರ್ವಾಶ್ರಮದಲ್ಲಿ ಇವಾನ್ ಒಹಿಯೆಂಕೊ ಎಂಬ ಹೆಸರಿನ ಭಾಷಾಶಾಸ್ತ್ರಜ್ಞರು, ಬೈಬಲನ್ನು ಯುಕ್ರೇನಿಯನ್ ಭಾಷೆಗೆ ತಂದವರು. 1990ರಲ್ಲಿ ಈ ಧರ್ಮಸಭೆಯನ್ನು ಕಾನ್‌ಸ್ಟಾಂಟಿನೋಪಲಿನ ಪೇಟ್ರಿಯಾರ್ಕರು ತಮ್ಮ ಸಂಸರ್ಗಕ್ಕೆ ಸ್ವೀಕರಿಸಿದರು. ತೊಲೆಯ ಚರ್ಚು ಕಟ್ಟಿ ಆಗಲೇ ತೊಂಬತ್ತು ವರ್ಷ ಕಳೆದಿತ್ತು.

ಸ್ಟುವರ್ಟ್‌ಬರ್ನ್ ಸೀಮೆಯ ಕಲ್ಲುನೆಲ ಹೆಚ್ಚು ಜನರನ್ನು ಬಹುಕಾಲ ಹಿಡಿದಿಡಲಿಲ್ಲ. ಮೊಮ್ಮಕ್ಕಳು ವಿನಿಪೆಗ್ಗಿಗೂ ಅದರಾಚೆಗೂ ಹೋದರು. ಆ ಬಯಲುಸೀಮೆಯ ಹಳ್ಳಿಚರ್ಚುಗಳಲ್ಲಿ ಎಷ್ಟೋ ಈಗ ವರ್ಷಕ್ಕೊಮ್ಮೆ, ತಮ್ಮ ಸಂತನ ಹಬ್ಬಕ್ಕೋ ಹಿರಿಯರ ಸಮಾಧಿಗಳ ಪ್ರಾರ್ಥನೆಗೋ ಬಾಗಿಲು ತೆರೆಯುತ್ತವೆ. ಅಂದು ದೂರದಿಂದ ಬಂದ ಕುಟುಂಬಗಳು ಸಮಾಧಿಗಳ ಬಳಿ ನಿಲ್ಲುತ್ತವೆ. ಪಾದ್ರಿ ಒಂದೊಂದು ಹೆಸರನ್ನೂ ಓದುತ್ತಾನೆ. ಅಲ್ಲಿ ಮೊದಲು ಹೂಳಲ್ಪಟ್ಟವರಲ್ಲಿ ಅನೇಕರಿಗೆ ಆ ಪ್ರಾರ್ಥನೆಯನ್ನು ಹಾಡಿ ಕಳುಹಿಸಿದವನು ಒಬ್ಬ ದ್ಯಾಕ.